ಉಂಗುರ ಲಾಳದ ಜಾಡು

ಪೊಸೊ ಅಮಾರ್ಗೊ, ಅರಿಜೋನಾ ಪ್ರಾಂತ್ಯ
೨೦ ಏಪ್ರಿಲ್ ೧೮೮೨

ಪ್ರಿಯ ಹೈರಮ್,

ಹ್ಯಾಟಿ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಅದನ್ನು ಹುಡುಕುತ್ತ ಕಾಗದದ ಕೊನೆಗೆ ಹಾರಿಬಿಡುತ್ತೀ. ಚೆನ್ನಾಗಿದ್ದಾಳೆ ಎಂದರೆ ಅಳುವುದಕ್ಕೆ ಬೇಕಾದ ಶಕ್ತಿಯೆಲ್ಲ ಇದೆ ಎಂದರ್ಥ. ಸಂಜೆ ಶುರು ಮಾಡಿದರೆ ಕೋಳಿ ಕೂಗುವವರೆಗೆ. ಅವಳು ಮಲಗಿದ ಮೇಲೂ ನಾನು ಮಲಗುವುದಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತ ಕೂರುತ್ತೇನೆ. ನಾಲ್ಕು ವರ್ಷ ಕಾಲೇಜಿನಲ್ಲಿ ರೇಖಾಗಣಿತ, ತರ್ಕಶಾಸ್ತ್ರ ಓದಿದವಳ ಸ್ಥಿತಿ ಇದು.

ಜನವರಿಯಲ್ಲಿ ನೀನು ಸೈನ್ಯ ಬಿಟ್ಟು ಇಲ್ಲಿಗೆ ಶೆರಿಫ್ ಆಗಿ ಬಂದಾಗ ಕೋಟೆಯಲ್ಲಿದ್ದ ನನಗೆ ಬರೆದ ಕಾಗದವನ್ನು ಇಟ್ಟುಕೊಂಡಿದ್ದೇನೆ. "ಕಲ್ಲಿನ ಮನೆ, ಎರಡಡಿ ದಪ್ಪದ ಗೋಡೆ, ಬೇಸಿಗೆಯಲ್ಲೂ ತಂಪು, ಸದಾ ಕಾವಲು." ಒಂದೂ ಸುಳ್ಳಲ್ಲ. ಅದು ಜೈಲು ಎನ್ನುವುದೊಂದನ್ನು ಬರೆಯಲಿಲ್ಲ, ಅಷ್ಟೇ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ, ಆ ಕಡೆ ಕೈದಿಗಳು, ಈ ಕಡೆ ನಾನು ಮತ್ತು ತೊಟ್ಟಿಲು. ಶೆರಿಫನ ಹೆಂಡತಿಯೇ ಕೈದಿಗಳಿಗೆ ಬೇಯಿಸಿ ಹಾಕಬೇಕೆಂಬ ವಾಡಿಕೆಯನ್ನೂ ನಾನು ಬಂದ ಮೇಲೆಯೇ ತಿಳಿದುಕೊಂಡೆ. ನಿನ್ನ ಡೆಪ್ಯುಟಿ ಪ್ಲಂಕೆಟ್ ಸಮಾಧಾನ ಹೇಳುತ್ತಾನೆ: "ಅಮ್ಮಾವ್ರೇ, ನಿಮ್ಮ ಬೀನ್ಸ್ ತಿಂದ್ರೆ ಎಂಥಾ ಕುಡುಕ್ನೂ ಸುಧಾರಿಸ್ತಾನೆ. ಇನ್ನೊಂದ್ಸಲ ಇಲ್ಲಿಗೆ ಬರೋ ಕೆಲ್ಸ ಮಾಡಲ್ಲ ಅಂತ ಆಣೆ ಹಾಕ್ತಾನೆ."

ಈಗ ಒಳಗಿರುವವರು ಮೂವರು. ಇಬ್ಬರು ಕುಡುಕರು, ನಾಳೆ ಹೋಗುತ್ತಾರೆ. ಮೂರನೆಯವನು ನೀನು ಹಿಡಿದು ತಂದ ಗಾಡಿಯವನು, ಸೆವೆರೊ ಮೊಂತಿಹೊ. ಕೋಚುಗಾಡಿ ನಿಲ್ದಾಣದ ಹಾಸ್ಕಿನ್ಸನನ್ನು ಕೊಂದವನ ಕುದುರೆಯ ಹೆಜ್ಜೆಯನ್ನು ಹದಿನಾಲ್ಕು ಮೈಲಿ ಓದುತ್ತ ಹೋಗಿ ಅವನ ಬಿಡಾರದಲ್ಲಿ ನಿಂತೆಯಂತೆ. ಅಂಗಡಿಯಲ್ಲಿ ಈಗಲೂ ಅದೇ ಮಾತು. ನನಗಂತೂ ಆಗ ಬಾಣಂತಿ ಕೋಣೆ ಬಿಟ್ಟು ಏನೂ ಗೊತ್ತಿರಲಿಲ್ಲ. ಅವನನ್ನು ನೇಣಿಗೆ ಹಾಕುವುದು ಜೂನ್ ಹದಿನಾರು, ಶುಕ್ರವಾರ. ನಿನ್ನೆ ಹ್ಯಾಟಿ ಅಳುತ್ತಿದ್ದಾಗ ಕಿಂಡಿಯಿಂದ ದನಿ ಬಂತು.

"ಸೆನ್ಯೋರಾ, ಮಗೂಗೆ ಹೊಟ್ಟೆನೋವು. ಕಾಲು ಮಡಚ್ಕೊಂಡು ಅಳ್ತಿದೆ, ಅಲ್ವಾ?"

"ನಿಮಗೆ ಹೇಗೆ ಗೊತ್ತು? ಅಲ್ಲಿಂದ ಕಾಣಲ್ವಲ್ಲ?"

"ನಾಲ್ಕು ಮಕ್ಕಳ್ನ ಎತ್ತಿ ಆಡ್ಸಿದೀನಿ. ಅಳೂನ ನೋಡ್ಬೇಕಾ?"

ನಾನು ಕಿಂಡಿಯ ಬಾಗಿಲು ಹಾಕಿಬಿಟ್ಟೆ. ಸರಿ ಮಾಡಿದೆ ತಾನೆ? ಹದಿನಾರರೊಳಗೆ ಬಂದುಬಿಡು. ಆ ದಿನ ಈ ಮನೆಯಲ್ಲಿ ನಾನೊಬ್ಬಳೇ ಇರಲಾರೆ.

ನಿನ್ನ
ಲವೀನಿಯಾ


ಗಡಿಯ ಹತ್ತಿರ, ಶಿಬಿರ
೧ ಮೇ ೧೮೮೨

ಪ್ರಿಯ ವಿನಿ,

ಕಿಂಡಿ ಹಾಕಿದ್ದು ಸರಿ. ಹಾಕಿಯೇ ಇರಲಿ. ತಟ್ಟೆ ಕೊಡುವಾಗ ಮಾತ್ರ ತೆಗೆ. ಸಾಯುವ ದಿನ ಗೊತ್ತಾದ ಮನುಷ್ಯ ಪಾರಿವಾಳದಷ್ಟು ಮೆತ್ತಗಾಗುತ್ತಾನೆ. ಹನ್ನೊಂದು ವರ್ಷ ಕುದುರೆದಂಡಿನಲ್ಲಿದ್ದು ಇಂಥವರನ್ನು ಎಷ್ಟೋ ನೋಡಿದ್ದೇನೆ. ಅವರ ಮೆತ್ತನೆಯ ಮಾತು ಸುಳ್ಳೇನಲ್ಲ, ಆದರೆ ಅದಕ್ಕೂ ಅವರು ಮಾಡಿದ್ದಕ್ಕೂ ಸಂಬಂಧವಿರುವುದಿಲ್ಲ.

ಇಲ್ಲಿ ನನ್ನ ದಂಡನ್ನು ನೀನು ನೋಡಬೇಕು. ಗಡಿ ದಾಟಿ ಬಂದು ದನ ಕದಿಯುವವರನ್ನು ತಡೆಯಲೆಂದು ಪ್ರಾಂತ್ಯದ ಸರ್ಕಾರ ನನಗೆ ಮತ್ತೆ ಕ್ಯಾಪ್ಟನ್ ಪದವಿ ಕೊಟ್ಟು ಮೂವತ್ತೆರಡು ಸ್ವಯಂಸೇವಕರನ್ನು ಒಪ್ಪಿಸಿದೆ. ಅವರಲ್ಲಿ ಒಬ್ಬ ಕಟುಕ, ಒಬ್ಬ ಕ್ಷೌರಿಕ, ಒಬ್ಬ ಬ್ಯಾಂಕಿನ ಗುಮಾಸ್ತ. ಕ್ಷೌರಿಕ ನನಗೆ ಸಲ್ಯೂಟ್ ಹೊಡೆಯುವಾಗ ಕೆನ್ನೆ ಬೋಳಿಸಲು ಬಂದ ಹಾಗೆ ಕಾಣುತ್ತದೆ. ಮೊನ್ನೆ ಕಟುಕನನ್ನು ಕೇಳಿದೆ, "ಈ ಹೆಜ್ಜೆ ಎಷ್ಟು ಹೊತ್ತಿಂದು?" ಅವನು ಬಗ್ಗಿ ಬಹಳ ಹೊತ್ತು ನೋಡಿ, "ಕ್ಯಾಪ್ಟನ್, ಇದು ನಂದೇ," ಎಂದ.

ಆದರೂ ಕೆಲಸ ನಡೆಯುತ್ತಿದೆ. ಶನಿವಾರ ಬರೀ ಕಲ್ಲುಹಾಸಿನ ಮೇಲೆ ಆರು ಮೈಲಿ ಜಾಡು ಹಿಡಿದು ಇಪ್ಪತ್ತೇಳು ದನಗಳನ್ನು ಬಿಡಿಸಿದೆವು. ಗವರ್ನರರ ಕಚೇರಿಯಿಂದ ಕಾಗದ ಬಂದಿದೆ, ಮೇಜರ್ ಮಾಡುವ ಮಾತಿದೆ. ನವೆಂಬರಿನಲ್ಲಿ ಶೆರಿಫ್ ಚುನಾವಣೆ. ಜನವರಿಯಲ್ಲಿ ಆದದ್ದು ನೇಮಕ, ಈ ಸಲ ಜನರ ಮತ. ಜನ ಮತ ಹಾಕುವುದು ನನ್ನ ಮೀಸೆಗಲ್ಲ, ಹಾಸ್ಕಿನ್ಸನ ಕೊಲೆಗಾರನನ್ನು ಎರಡು ದಿನದಲ್ಲಿ ಹಿಡಿದದ್ದಕ್ಕೆ. ನಾನು ಓದಿದ ಜಾಡು ಇದುವರೆಗೆ ತಪ್ಪಿಲ್ಲ.

ಹದಿನಾರಕ್ಕೆ ಮುಂಚೆ ಬರುತ್ತೇನೆ. ಮಗಳಿಗೆ ಮುತ್ತು.

ಹೈರಮ್


ಪೊಸೊ ಅಮಾರ್ಗೊ
೮ ಮೇ ೧೮೮೨

ಪ್ರಿಯ ಹೈರಮ್,

ನಿನ್ನ ಮಾತು ಮೀರಿದ್ದೇನೆ, ಅದನ್ನು ಮೊದಲು ಹೇಳುತ್ತೇನೆ. ಕಿಂಡಿ ತೆರೆದಿಟ್ಟಿದ್ದೆ. ರೊಟ್ಟಿ ಬೇಯಿಸುವ ಒಲೆಯ ಸೆಕೆಗೆ ಮಗು ಕೆಂಪಗಾಗಿತ್ತು, ಗಾಳಿ ಬರುವುದು ಆ ಕಡೆಯಿಂದ ಮಾತ್ರ. ಇದು ನೆಪ ಎನ್ನುತ್ತೀಯಾದರೆ ಅರ್ಧ ನಿಜ. ಕುಡುಕರು ಹೋದ ಮೇಲೆ ಒಳಗಿರುವವನು ಅವನೊಬ್ಬನೇ. ದಿನಕ್ಕೆ ಮೂರು ಹೊತ್ತು ಒಬ್ಬ ಮನುಷ್ಯನಿಗೆ ಊಟ ಕೊಟ್ಟು ಮುಖ ತಿರುಗಿಸಿಕೊಳ್ಳುವುದು ನನಗೆ ಆಗುವುದಿಲ್ಲ.

ಅವನಾಗಿಯೇ ಏನೂ ಹೇಳಲಿಲ್ಲ. ನಾನೇ ಕೇಳಿದೆ, "ನಿಮ್ಮನ್ನ ಹಿಡಿದದ್ದು ಯಾವುದರ ಮೇಲೆ?"

"ಲಾಳದ ಮೇಲೆ, ಸೆನ್ಯೋರಾ. ನನ್ನ ಕುದುರೆಗೆ ಮುಂಗಾಲಲ್ಲಿ ಉಂಗುರ ಲಾಳ. ಎಲ್ಲಾ ಲಾಳ ಹಿಂದ್ಗಡೆ ತೆರೆದಿರತ್ತೆ, ಇದು ಮುಚ್ಚಿರತ್ತೆ. ನೆಲದಲ್ಲಿ ಬಳೆ ಒತ್ತಿದ ಹಾಗೆ ಬೀಳತ್ತೆ. ಹಾಸ್ಕಿನ್ಸನ ಬಾಗಿಲಲ್ಲಿ ಬಳೆ, ನನ್ನ ಬಿಡಾರದಲ್ಲೂ ಬಳೆ. ಇನ್ನೇನು ಬೇಕು?"

"ಆ ಕುದುರೆ ಎಲ್ಲಿಂದ ತಂದ್ರಿ?"

"ಕೋಟೇಲಿ, ಹರಾಜಲ್ಲಿ. ಸೈನ್ಯ ಬೇಡ ಅಂತ ಮುದ್ರೆ ಒತ್ತಿ ಮಾರಿದ್ದು. ನನ್ನಂಥವನಿಗೆ ಸೈನ್ಯ ಬೇಡ ಅಂದಿದ್ದೇ ಕೈಗೆಟುಕೋದು."

"ಇದನ್ನ ಕೋರ್ಟಲ್ಲಿ ಹೇಳಿದ್ರಾ?"

"ಎಲ್ಲಿ ಕೊಂಡೆ ಅಂದ್ರು, ಕೋಟೇಲಿ ಅಂದೆ. ಅಷ್ಟೇ ಕೇಳಿದ್ದು. ಪಕ್ಕದ ಕುದುರೆಗಳ ಕಾಲಲ್ಲಿ ಏನಿತ್ತು ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೂ ನನಗೆ ಗೊತ್ತಿಲ್ಲ. ಅವತ್ತು ಮೊಣಕಾಲುದ್ದ ಕೆಸರು. ಲಾಳ ಹಾಕಿದ್ರೋ ಬೂಟು ಹಾಕಿದ್ರೋ ಯಾರು ಕಂಡ್ರು?"

ಹೈರಮ್, ನನಗೆ ನವೆಂಬರ್ ನೆನಪಾಯಿತು. ಕೋಟೆಯಲ್ಲಿ ನಿನ್ನ ಗುಮಾಸ್ತ ಜ್ವರದಲ್ಲಿದ್ದ. ನನಗೆ ತುಂಬು ತಿಂಗಳು, ಬೆರಳುಗಳು ಊದಿ ಉಂಗುರ ಬಿಚ್ಚಿಟ್ಟಿದ್ದೆ. ನಿನ್ನ ಅಕ್ಷರ ಚಂದ, ಒಂದು ನಕಲು ಮಾಡಿಕೊಡು ಎಂದು ನೀನು ಒಂದು ಪಟ್ಟಿ ತಂದೆ. ಹರಾಜಿಗೆ ಹಾಕುವ ಕುದುರೆಗಳ ಪಟ್ಟಿ. ಬಣ್ಣ, ವಯಸ್ಸು, ಊನ, ಲಾಳ. ಸುಟ್ಟ ಕಲ್ಲಿನ ಬೆಟ್ಟದಲ್ಲಿ ಆ ಬೇಸಿಗೆಯೆಲ್ಲ ಓಡಾಡಿ ಕುದುರೆಗಳ ಹಿಮ್ಮಡಿ ಒಡೆದಿತ್ತು, ಅದಕ್ಕೆ ನೀನೇ ಹೇಳಿ ಏನೋ ಲಾಳ ಕಟ್ಟಿಸಿದ್ದೆ. ಕೊನೆಯ ಅಂಕಣದಲ್ಲಿ ಮೊದಲ ಸಾಲಿಗೆ ಒಂದು ಮಾತು ಬರೆದು, ಅದರ ಕೆಳಗೆ ಮೇಲಿನದೇ ಎನ್ನಲು ಸದರಿ, ಸದರಿ, ಸದರಿ ಎಂದು ಬರೆಯುತ್ತ ಹೋದದ್ದು ಕೈಗೆ ನೆನಪಿದೆ. ಆ ಮಾತು ಉಂಗುರ ಲಾಳ ಎಂದಿತ್ತೇ? ಎಷ್ಟು ಸದರಿ ಬರೆದೆ?

ನನ್ನ ತಲೆ ಈಗ ನಂಬುವಂಥದ್ದಲ್ಲ, ನನಗೆ ಗೊತ್ತು. ನಿನ್ನ ಕೈಯ ಮೂಲಪಟ್ಟಿ ನಿನ್ನ ತಗಡಿನ ಪೆಟ್ಟಿಗೆಯಲ್ಲಿರಬೇಕು, ಬೀಗದ ಕೈ ನಿನ್ನ ಬಳಿ ಇದೆ. ಕಳಿಸಿಕೊಡು, ಇಲ್ಲವೇ ನಿನಗೆ ನೆನಪಿದ್ದರೆ ಒಂದು ಸಾಲು ಬರೆ. ಒಂದೇ ಸಾಲು ಸಾಕು.

ಲವೀನಿಯಾ


ಗಡಿಯ ಹತ್ತಿರ, ಶಿಬಿರ
೧೬ ಮೇ ೧೮೮೨

ಪ್ರಿಯ ವಿನಿ,

ನಿನ್ನ ಕಾಗದ ತಂದವನು ಹೊರಡುವ ಆತುರದಲ್ಲಿದ್ದಾನೆ, ಅದಕ್ಕೇ ಚಿಕ್ಕದಾಗಿ ಬರೆಯುತ್ತಿದ್ದೇನೆ. ಇಲ್ಲಿ ಸೆಕೆ ಹೇಳತೀರದು. ಬಂದೂಕಿನ ನಳಿಗೆ ಮುಟ್ಟಿದರೆ ಬೊಬ್ಬೆ. ನೀರಿಗೆ ಹನ್ನೊಂದು ಮೈಲಿ ಹೋಗಬೇಕು. ಕಟುಕ ಕುದುರೆಯಿಂದ ಬಿದ್ದು ಭುಜ ಮುರಿದುಕೊಂಡ. ಕ್ಷೌರಿಕ ಅವನನ್ನು ನೋಡಿಕೊಳ್ಳುತ್ತ ಊರಿನ ಹಳೆಯ ಜಗಳಗಳನ್ನೆಲ್ಲ ಅವನಿಗೆ ನೆನಪು ಮಾಡಿಕೊಡುತ್ತಿದ್ದಾನೆ.

ಬ್ಯಾಂಕಿನ ಗುಮಾಸ್ತನ ಕುದುರೆ ಕುಂಟುತ್ತಿತ್ತು. ನಾನೇ ಕಾಲೆತ್ತಿ ನೋಡಿದೆ. ಎರಡು ದಿನ ಶಿಬಿರ ಕದಲಲಿಲ್ಲ.

ಹ್ಯಾಟಿಗೆ ಜಿಂಕೆಯ ತೊಗಲಿನ ಒಂದು ಜೊತೆ ಪಾದರಕ್ಷೆ ಕಳಿಸಿದ್ದೇನೆ. ಇಲ್ಲಿಯ ಅಡುಗೆಯವನು ಹೊಲಿದದ್ದು. ಈಗ ದೊಡ್ಡದಾಗಬಹುದು. ಅವಳು ನಗುತ್ತಾಳೆಯೇ ಎಂದು ನೀನು ಬರೆಯಲೇ ಇಲ್ಲ. ಅವಳ ಕಣ್ಣು ಇನ್ನೂ ನೀಲಿಯಾಗಿಯೇ ಇದೆಯೇ, ಬಣ್ಣ ತಿರುಗಿತೇ? ನಿನ್ನ ಅಮ್ಮನಿಂದ ಕಾಗದ ಬಂತೇ?

ಬೀಗದ ಕೈ ನನ್ನ ಬಳಿಯೇ ಇದೆ.

ಹೈರಮ್


ಪೊಸೊ ಅಮಾರ್ಗೊ
೨೩ ಮೇ ೧೮೮೨

ಪ್ರಿಯ ಹೈರಮ್,

ನಗುತ್ತಾಳೆ. ಕಣ್ಣು ಕಂದಾಗುತ್ತಿದೆ, ನಿನ್ನದರ ಹಾಗೆ. ಪಾದರಕ್ಷೆ ಅವಳ ಮೊಣಕಾಲಿನವರೆಗೂ ಬರುತ್ತದೆ. ಒಂದನ್ನು ದಿನವೆಲ್ಲ ಚೀಪುತ್ತಾಳೆ.

ಕಳೆದ ವಾರ ಅವಳಿಗೆ ಜ್ವರ ಬಂದಿತ್ತು. ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಮೂರು ದಿನ. ಡಾಕ್ಟರು ಗಣಿಯ ಊರಿಗೆ ಹೋಗಿದ್ದರು. ಸೆವೆರೊ ಕಿಂಡಿಯಿಂದ, "ಮನ್ಸಾನೀಯಾ ಹೂವಿನ ಕಷಾಯ, ಒಂದು ಚಮಚ, ಅಷ್ಟೇ," ಎಂದ. ಕೊಡಲು ಕೈ ಬರಲಿಲ್ಲ. ಮೊದಲು ನಾನೇ ಕುಡಿದು, ಗಡಿಯಾರ ನೋಡುತ್ತ ಒಂದು ಗಂಟೆ ಕೂತೆ. ಆಮೇಲೆ ಅವನು ಕೇಳಿದ, "ಇನ್ನೂ ಬದುಕಿದೀರಾ ಸೆನ್ಯೋರಾ? ಹಾಗಾದ್ರೆ ಮಗೂಗೆ ಕೊಡಿ." ನನಗೆ ನಾಚಿಕೆಯಾಯಿತು. ಕೊಟ್ಟೆ. ಬೆವರಿತು, ಮಲಗಿತು.

ನೇಣುಗಂಬಕ್ಕೆ ಪೈನ್ ಮರದ ತೊಲೆಗಳು ಬಂದಿಳಿದಿವೆ. ಪ್ಲಂಕೆಟ್ ಅಂಗಳದಲ್ಲಿ ಅಳತೆ ಹಿಡಿದು ಓಡಾಡುತ್ತಿದ್ದಾನೆ. ಆಹ್ವಾನದ ಕಾರ್ಡುಗಳೂ ಅಚ್ಚಾಗಿ ಬಂದವು, ಕಪ್ಪು ಅಂಚಿನವು, ನೂರು. ನೇಣಿಗೆ ಕಾರ್ಡು ಹಂಚುವ ಈ ಊರಿನ ಮರ್ಯಾದೆಯನ್ನು ನಾನು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಕೆಳಗೆ ಶೆರಿಫನ ಸಹಿಗೆ ಜಾಗ ಬಿಟ್ಟಿದ್ದಾರೆ. ಪ್ಲಂಕೆಟ್ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟ.

"ಅಮ್ಮಾವ್ರೇ, ಯಜಮಾನ್ರು ಇಲ್ಲ. ನಿಮ್ಮ ಅಕ್ಷರ ಮುತ್ತಿನ ಹಾಗೆ ಅಂತಾರೆ. ಅವರ ಪರವಾಗಿ ನೀವೇ ಒಂದೊಂದು ಗೀಚಿಬಿಡಿ."

"ಗೀಚಲ್ಲ, ಪ್ಲಂಕೆಟ್."

"ಯಾಕಮ್ಮಾ? ಬರೀ ಹೆಸರು ತಾನೆ?"

"ಹೌದು. ಹೆಸರೇ."

ಅವನು ತಲೆ ಕೆರೆದುಕೊಂಡು ಹೋದ. ಕಾರ್ಡುಗಳು ಹಿಟ್ಟಿನ ಡಬ್ಬಿಯ ಪಕ್ಕದಲ್ಲಿವೆ.

ಬ್ಯಾಂಕಿನ ಗುಮಾಸ್ತನ ಕುದುರೆಯ ಕಾಲೆತ್ತಿದಾಗ ಏನು ಕಂಡಿತು ಎಂದು ನೀನು ಬರೆಯಲಿಲ್ಲ. ಕುದುರೆ ಕುಂಟಿದರೆ ಒಬ್ಬ ಹಿಂದುಳಿಯುತ್ತಾನೆ, ಮೂವತ್ತೆರಡು ಜನ ಎರಡು ದಿನ ಯಾಕೆ ನಿಲ್ಲಬೇಕು? ನಾನು ಸುಮ್ಮನೆ ಕೇಳುತ್ತಿದ್ದೇನೆ. ನಿನ್ನ ಉತ್ತರ ಬರುವವರೆಗೆ ಬೇರೆಯವರನ್ನು ಕೇಳುವುದಿಲ್ಲ.

ಲವೀನಿಯಾ


ಗಡಿಯ ಹತ್ತಿರ, ಶಿಬಿರ
೩೧ ಮೇ ೧೮೮೨

ಪ್ರಿಯ ಲವೀನಿಯಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೊಲೆಗಾರನ ಕಷಾಯವನ್ನು ಮಗುವಿಗೆ ಕೊಟ್ಟೆ ಎಂದು ಇಷ್ಟು ಸಲೀಸಾಗಿ ಬರೆಯುತ್ತೀಯಲ್ಲ! ನೀನು ಐದು ತಿಂಗಳಿಂದ ಸರಿಯಾಗಿ ಮಲಗಿಲ್ಲ. ನಿದ್ದೆಗೆಟ್ಟ ತಲೆ ಇಲ್ಲದ್ದನ್ನೆಲ್ಲ ಜೋಡಿಸುತ್ತದೆ. ಕಾವಲುಗಾರರಲ್ಲಿ ಅದನ್ನು ನೋಡಿದ್ದೇನೆ, ಮೂರನೆಯ ರಾತ್ರಿಗೆ ಪೊದೆಗಳೆಲ್ಲ ಮನುಷ್ಯರಾಗುತ್ತವೆ. ಮಗುವನ್ನು ಕರೆದುಕೊಂಡು ಓಹಾಯೋಗೆ, ನಿನ್ನ ಅಮ್ಮನ ಮನೆಗೆ ಹೋಗು. ಪ್ಲಂಕೆಟ್ ರೈಲಿನವರೆಗೆ ಬಿಟ್ಟು ಬರುತ್ತಾನೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಕೋಟೆಯಲ್ಲಿ ಅಂಥ ಲಾಳ ಇನ್ನೂ ಕೆಲವು ಇದ್ದಿರಬಹುದು. ಆ ಕುದುರೆಗಳು ಎಲ್ಲೆಲ್ಲಿಗೋ ಹೋದವು. ತೀರ್ಪು ಕೊಟ್ಟವನು ನಾನಲ್ಲ, ಹನ್ನೆರಡು ಜನ ಜ್ಯೂರಿ ಕೂತು ಕೊಟ್ಟದ್ದು. ಶೆರಿಫನ ಕೆಲಸ ತಾನು ಕಂಡದ್ದನ್ನು ಹೇಳುವುದು. ಕಂಡದ್ದನ್ನು ಹೇಳಿದ್ದೇನೆ. ಪ್ರತಿ ತೀರ್ಪಿನ ನಂತರವೂ ಹಿಂದಿರುಗಿ ನೋಡುತ್ತ ನಿಂತರೆ ಈ ಪ್ರಾಂತ್ಯದಲ್ಲಿ ಯಾವ ಕಾನೂನೂ ನಿಲ್ಲುವುದಿಲ್ಲ.

ಪೆಟ್ಟಿಗೆಯಲ್ಲಿರುವುದು ಸೈನ್ಯದ ಕಾಗದಗಳು. ಅವನ್ನು ಯಾರೂ ಮುಟ್ಟಬಾರದು.

ಹದಿನಾರಕ್ಕೆ ನಾನು ಬರಲಾಗುವುದೋ ಇಲ್ಲವೋ ತಿಳಿಯದು. ದಕ್ಷಿಣದ ಕಣಿವೆಯಲ್ಲಿ ಹೊಸ ಜಾಡು ಸಿಕ್ಕಿದೆ. ನೇಣಿನ ಕೆಲಸ ನಡೆಸಲು ಪ್ಲಂಕೆಟ್‌ಗೆ ಬರೆದಿದ್ದೇನೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ.

ಹೈರಮ್ ಟಾಲ್ಕಾಟ್


ಪೊಸೊ ಅಮಾರ್ಗೊ
೬ ಜೂನ್ ೧೮೮೨

ಶೆರಿಫ್ ಹೈರಮ್ ಟಾಲ್ಕಾಟ್ ಅವರಿಗೆ,

ಗಂಡನಿಗೆ ಬರೆದದ್ದು ಸಾಕು. ಇದು ನಿಮ್ಮ ಕಚೇರಿಗೆ ಬರೆಯುತ್ತಿರುವ ಕಾಗದ.

ಮೇ ಹದಿನೆಂಟರಂದು ನೀವು ಕಳಿಸಿದ ಪಾದರಕ್ಷೆಯ ಜೊತೆ "ಬೀಗದ ಕೈ ನನ್ನ ಬಳಿಯೇ ಇದೆ" ಎಂಬ ಸಾಲು ಬಂತು. ಅದೇ ಮಧ್ಯಾಹ್ನ ಪ್ಲಂಕೆಟ್‌ನಿಂದ ಉಳಿ, ಸುತ್ತಿಗೆ ತೆಗೆದುಕೊಂಡು ಪೆಟ್ಟಿಗೆ ಒಡೆದೆ. ಅಂಗಳದಲ್ಲಿ ಅವನು ಬೇಲಿಯ ಗೂಟ ಬಡಿಯುತ್ತಿದ್ದ ಸದ್ದಿನಲ್ಲಿ ನನ್ನದು ಯಾರಿಗೂ ಕೇಳಿಸಲಿಲ್ಲ. ಪಟ್ಟಿ ಅಲ್ಲಿತ್ತು. ಹತ್ತೊಂಬತ್ತು ಕುದುರೆ. ಮುಂಗಾಲು, ಉಂಗುರ ಲಾಳ. ಅದರ ಕೆಳಗೆ ಹದಿನೆಂಟು ಸದರಿ. ಒಂದೂ ಬಿಟ್ಟಿಲ್ಲ. ಮೇಲಿನ ಸಹಿ ನಿಮ್ಮದು, ಹತ್ತೊಂಬತ್ತು ಸಾಲೂ ನಿಮ್ಮ ಅಕ್ಷರ. ಕೊಲೆ ನಡೆದದ್ದು ಆ ಹರಾಜಾಗಿ ಏಳು ವಾರಕ್ಕೆ. ಲಾಳ ಇನ್ನೂ ಸವೆದಿರಲಿಲ್ಲ.

ಮೇ ಇಪ್ಪತ್ತಮೂರರಂದು ನಾನು ನಿಮಗೆ ಬರೆದಾಗ ಇದೆಲ್ಲ ನನಗೆ ಗೊತ್ತಿತ್ತು. ನೀವೇ ಹೇಳಲಿ ಎಂದು ಸುಮ್ಮನಿದ್ದೆ. ಹೆಂಡತಿ ಹುಡುಕಿ ತೆಗೆಯುವುದಕ್ಕೂ ಗಂಡ ತಾನಾಗಿ ಹೇಳುವುದಕ್ಕೂ ವ್ಯತ್ಯಾಸವಿದೆ, ಆ ವ್ಯತ್ಯಾಸ ನನಗೆ ಬೇಕಿತ್ತು. ಅದಕ್ಕಾಗಿ ಹದಿನಾರು ದಿನ ಕಳೆದುಬಿಟ್ಟೆ. ಅವು ಅವನ ದಿನಗಳಾಗಿದ್ದವು. ಅಷ್ಟು ತಪ್ಪು ನನ್ನದೂ ಇದೆ, ಅದನ್ನು ಯಾರು ಕೇಳಿದರೂ ಒಪ್ಪಿಕೊಳ್ಳುತ್ತೇನೆ.

ಶನಿವಾರ ನಿಮ್ಮ ಕಾಗದ ಬಂದ ಕೂಡಲೇ ಮಗುವನ್ನು ಕಟ್ಟಿಕೊಂಡು ಗಾಡಿಯಲ್ಲಿ ರೈಲು ನಿಲ್ದಾಣದ ಊರಿಗೆ, ನ್ಯಾಯಾಧೀಶರ ಮನೆಗೆ ಹೋದೆ. ಅವರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಮ್ಮಾ, ಇದು ಕಾಗದ. ಕಾಗದ ಕುದುರೆಯ ಕಾಲಲ್ಲಿ ಇರಲ್ಲ. ಇದು ಅದೇ ಲಾಳ, ಆ ಜಾಡು ಈ ಹತ್ತೊಂಬತ್ತರಲ್ಲಿ ಯಾವುದರದ್ದಾದರೂ ಆಗಬಹುದಿತ್ತು ಅಂತ, ಜಾಡು ಓದಿ ಸಾಕ್ಷಿ ಹೇಳಿದ ಮನುಷ್ಯನೇ ಪ್ರಮಾಣ ಮಾಡಬೇಕು. ಆಗ ನಾನು ಗವರ್ನರಿಗೆ ತಂತಿ ಕೊಡ್ತೀನಿ," ಎಂದರು. ಬೇರೆ ದಾರಿ ಇಲ್ಲವೇ ಎಂದೆ. ಇಲ್ಲ ಎಂದರು.

ಹಾಗಾಗಿ ಪ್ರಮಾಣಪತ್ರವನ್ನು ನಾನೇ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಓದಿ, ತಪ್ಪಿದ್ದರೆ ತಿದ್ದಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ. ಹದಿನಾಲ್ಕರ ಸಂಜೆಯೊಳಗೆ ಇಲ್ಲಿರಬೇಕು.

ಸಹಿ ಮಾಡಲು ಆಗದಿದ್ದರೆ, ದಯವಿಟ್ಟು ಆ ಕೆಲಸವನ್ನು ಪ್ಲಂಕೆಟ್‌ನ ಕೈಗೆ ಕೊಡಬೇಡಿ. ನೀವೇ ಬನ್ನಿ. ಜಾಡು ಓದಿದವರು ನೀವು. ಹಗ್ಗವನ್ನೂ ನೀವೇ ಹಿಡಿಯಿರಿ. ಅವತ್ತು ಬೆಳಿಗ್ಗೆ ಅವನಿಗೆ ತಟ್ಟೆ ಕೊಡುವವಳು ನಾನು, ಅದನ್ನು ನಾನೇನೂ ಬೇರೆಯವರಿಗೆ ವಹಿಸುತ್ತಿಲ್ಲ.

ನಾನು ಓಹಾಯೋಗೆ ಹೋಗುವುದಿಲ್ಲ.

ಲವೀನಿಯಾ ಟಾಲ್ಕಾಟ್


ಗಡಿಯ ಹತ್ತಿರ, ಶಿಬಿರ
೧೧ ಜೂನ್ ೧೮೮೨

ವಿನಿ,

ಸಹಿ ಮಾಡಿದ್ದೇನೆ. ಕ್ಷೌರಿಕ ಮತ್ತು ಬ್ಯಾಂಕಿನ ಗುಮಾಸ್ತ ಸಾಕ್ಷಿ. ನೀನು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಕೆಳಗೆ ನಾಲ್ಕು ಸಾಲು ನಾನೇ ಸೇರಿಸಿದ್ದೇನೆ. ಅದು ಏನೆಂದು ನಿನಗೆ ಮೊದಲು ಹೇಳಬೇಕು.

ಗುಮಾಸ್ತನ ಕುದುರೆಯ ಕಾಲೆತ್ತಿದಾಗ ಉಂಗುರ ಲಾಳ ಕಂಡಿತು. ಮೊದಲಿನದು ಸವೆದು ಹೋಗಿತ್ತಂತೆ, ಊರಿನ ಕಮ್ಮಾರ ಅದನ್ನೇ ನೋಡಿ ಹಾಗೇ ಇನ್ನೊಂದು ಬಡಿದಿದ್ದ. "ಎಲ್ಲಿ ತಗೊಂಡೆ ಇದನ್ನ?" ಎಂದೆ. "ಕೋಟೆ ಹರಾಜಲ್ಲಿ, ಕ್ಯಾಪ್ಟನ್. ನೀವೇ ಅಲ್ವಾ ಮೇಜಿನ ಹಿಂದೆ ಕೂತಿದ್ದಿದ್ದು?" ಎಂದ. ಅವನು ತಮಾಷೆಗೆ ನಕ್ಕ. ನನಗೆ ಮೈಯಲ್ಲಿ ಚೆನ್ನಾಗಿಲ್ಲ ಎಂದು ಹೇಳಿ ಎರಡು ದಿನ ಡೇರೆಯಲ್ಲಿ ಮಲಗಿದೆ. ನಿನ್ನ ಮೇ ಎಂಟರ ಕಾಗದ ಬಂದದ್ದು ಆಮೇಲೆ.

ಅಲ್ಲಿಗೇ ನಿಂತಿದ್ದರೆ ಮರೆತಿದ್ದೆ ಎನ್ನಬಹುದಿತ್ತು. ಇನ್ನೊಂದಿದೆ. ಮಾರ್ಚಿನಲ್ಲಿ ಕಟಕಟೆಯಲ್ಲಿ ಅವನ ವಕೀಲ, ಆ ಎಳೆಯ ಮನುಷ್ಯ, ನನ್ನನ್ನು ಕೇಳಿದ: "ಕ್ಯಾಪ್ಟನ್, ಇಂಥಾ ಲಾಳ ಬೇರೆ ಎಲ್ಲಾದ್ರೂ ನೋಡಿದೀರಾ?" ನಾನು, "ಈ ಜಿಲ್ಲೆಯಲ್ಲಿ ನೋಡಿಲ್ಲ," ಎಂದೆ. ಕೋಟೆ ಇರುವುದು ಪಕ್ಕದ ಜಿಲ್ಲೆಯಲ್ಲಿ. ಆ ಉತ್ತರ ಬಾಯಿಗೆ ಬಂದಾಗ ಅದೆಷ್ಟು ಅಚ್ಚುಕಟ್ಟಾಗಿದೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಸುಳ್ಳಲ್ಲವಲ್ಲ. ಅವನು ಮುಂದೆ ಕೇಳಲಿಲ್ಲ. ಕೂತುಕೊಂಡ. ಅವನು ಕೇಳಲಿಲ್ಲ ಎನ್ನುವುದನ್ನೇ ಮೂರು ತಿಂಗಳು ತಲೆದಿಂಬು ಮಾಡಿಕೊಂಡು ಮಲಗಿದ್ದೇನೆ. ಮೊಂತಿಹೊನೇ ಕೊಂದಿದ್ದಾನೆ ಎಂದು ನನಗೆ ಆಗ ಖಾತ್ರಿಯಿತ್ತು. ಖಾತ್ರಿಯಿದ್ದವನಿಗೆ ಆ ಉತ್ತರ ಯಾಕೆ ಬೇಕಾಯಿತು ಎಂದು ಈಗ ಯೋಚಿಸುತ್ತೇನೆ.

ಆ ನಾಲ್ಕು ಸಾಲು ಇದೇ. ಪ್ರಶ್ನೆ, ನನ್ನ ಉತ್ತರ, ಕೋಟೆ ಯಾವ ಜಿಲ್ಲೆಯಲ್ಲಿದೆ ಎನ್ನುವುದು.

ಮೇಜರ್ ಪದವಿ ಬೇಡವೆಂದು ಗವರ್ನರ್ ಕಚೇರಿಗೆ ಬರೆದಿದ್ದೇನೆ. ನವೆಂಬರಿನ ಮಾತು ನೀನೇ ಊಹಿಸಿಕೊ. ಈ ಪತ್ರ ತರುವವನು ಗುಮಾಸ್ತ. ಬದಲಿ ಕುದುರೆ ಎರಡು ಕೊಟ್ಟಿದ್ದೇನೆ. ದಂಡನ್ನು ಬೇರೆಯವರಿಗೆ ಒಪ್ಪಿಸದೆ ನಾನು ಹೊರಡುವಂತಿಲ್ಲ, ಇದು ನೆಪವಲ್ಲ. ನೆಪ ಎಂದುಕೊಂಡರೂ ನಿನ್ನನ್ನು ದೂರುವುದಿಲ್ಲ.

ನಾನು ಬರುವುದು ನಿನಗೆ ಬೇಕೋ ಎಂದು ಬರೆ.

ಹೈರಮ್


ಪೊಸೊ ಅಮಾರ್ಗೊ
೧೭ ಜೂನ್ ೧೮೮೨

ಪ್ರಿಯ ಹೈರಮ್,

ಗುಮಾಸ್ತ ಹದಿನಾಲ್ಕರ ಮಧ್ಯಾಹ್ನ ಬಂದ. ಕುದುರೆಯಿಂದ ಇಳಿಯಲಾರದೆ ಪ್ಲಂಕೆಟ್‌ನ ಹೆಗಲ ಮೇಲೆ ಬಿದ್ದುಕೊಂಡು ಬ್ಯಾಂಕಿನವರ ಬಾಯಿಗೆ ಒಪ್ಪದ ಮಾತೆಲ್ಲ ಆಡಿದ. ಅವನಿಗೆ ಕಾಫಿ ಕೊಟ್ಟು, ಕಾಗದ ತೆಗೆದುಕೊಂಡು ಪ್ಲಂಕೆಟ್‌ನನ್ನೇ ರೈಲು ನಿಲ್ದಾಣಕ್ಕೆ ಓಡಿಸಿದೆ. ನ್ಯಾಯಾಧೀಶರು ತಂತಿ ಕೊಟ್ಟರು. ಗುರುವಾರ ಇಡೀ ದಿನ ಏನೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಆರಕ್ಕೇ ಜನ ಬರತೊಡಗಿದರು. ಬುಟ್ಟಿಯಲ್ಲಿ ಊಟ, ಹೆಗಲ ಮೇಲೆ ಮಕ್ಕಳು. ಸೆವೆರೊಗೆ ಏನು ಬೇಕೆಂದು ಕೇಳಿದೆ. "ಇವತ್ತೂ ಬೀನ್ಸೇ ಕೊಡಿ ಸೆನ್ಯೋರಾ. ಹೊಸದೇನಾದ್ರೂ ಕೊಟ್ರೆ ಭಯ ಆಗತ್ತೆ," ಎಂದ. ತಿನ್ನಲಿಲ್ಲ. ತಟ್ಟೆ ಹಿಡಿದುಕೊಂಡು ನಿಂತಿದ್ದ. ನಾನೂ ಈ ಕಡೆ ನಿಂತಿದ್ದೆ. ಎಂಟೂಕಾಲಿಗೆ ತಂತಿ ಬಂತು. ಮೂವತ್ತು ದಿನ ಮುಂದೂಡಿಕೆ, ಮರುವಿಚಾರಣೆಗೆ ಶಿಫಾರಸು.

ಪ್ಲಂಕೆಟ್ ತಾನೇ ಕಟ್ಟಿದ ಅಟ್ಟದ ಮೇಲೆ ಹತ್ತಿ ಓದಿದ. ಓದಿ ಮುಗಿಸುತ್ತಲೇ ಒಬ್ಬ ಕೂಗಿದ, "ಪ್ಲಂಕೆಟ್, ಹಾಗಾದ್ರೆ ನೀನೇ ನೇತಾಕ್ಕೊ, ಅಷ್ಟು ದೂರದಿಂದ ಬಂದಿದೀವಿ!" ನಕ್ಕರು. ನಿನ್ನ ಪ್ರಮಾಣಪತ್ರವನ್ನೂ ಓದು ಎಂದು ನಾನೇ ಹೇಳಿದ್ದೆ. ಅದನ್ನು ಓದುವಾಗ ಯಾರೂ ನಗಲಿಲ್ಲ. ಸಂಜೆಯ ಹೊತ್ತಿಗೆ ನಮ್ಮ ಬಾಗಿಲಿಗೆ ಯಾರೋ ಸಗಣಿ ಮೆತ್ತಿದ್ದರು. ಅಂಗಡಿಯವನು, "ನಿಮ್ಮ ಯಜಮಾನ್ರು ಕಲ್ಲಿನ ಮೇಲೂ ಓದ್ತಾರೆ, ತಾವೇ ಬರೆದಿದ್ದು ಓದಕ್ಕೆ ಬರಲ್ಲ," ಎಂದ.

ಹಾಸ್ಕಿನ್ಸನ ಹೆಂಡತಿಯೂ ಬಂದಿದ್ದಳು. ಜನರೆಲ್ಲ ಹೋದ ಮೇಲೂ ಅಂಗಳದಲ್ಲಿ ನಿಂತಿದ್ದಳು. ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು, "ಹಾಗಾದ್ರೆ ಯಾರು?" ಜಗಳವಾಡಿದ್ದರೆ ಚೆನ್ನಾಗಿತ್ತು. ಒಳಗೆ ಕರೆದೆ, ಬರಲಿಲ್ಲ. ಹೈರಮ್, ಆ ಪ್ರಶ್ನೆ ನಿನ್ನದು. ನಿನ್ನ ಪಟ್ಟಿಯಲ್ಲಿ ಇನ್ನೂ ಹದಿನೆಂಟು ಕುದುರೆಗಳಿವೆ, ಪ್ರತಿಯೊಂದಕ್ಕೂ ಒಬ್ಬ ಕೊಂಡವನಿದ್ದಾನೆ. ನವೆಂಬರಿನವರೆಗೆ ನೀನೇ ಶೆರಿಫ್.

ಸೆವೆರೊ ನಿನಗೆ ಕೃತಜ್ಞತೆ ಹೇಳಲಿಲ್ಲ, ನಾನು ಅದನ್ನು ಬಯಸಿದ್ದು ತಪ್ಪೆಂದು ಗೊತ್ತಾಯಿತು. "ನಿಮ್ಮ ಯಜಮಾನ್ರು ಬಂದ್ಮೇಲೆ ಒಂದ್ಸಲ ನನ್ನ ಮುಂದೆ ಬಂದು ನಿಂತ್ಕೊಳ್ಲಿ. ಮಾತೇನೂ ಆಡ್ಬೇಕಾಗಿಲ್ಲ," ಎಂದ. ಆಮೇಲೆ ತಣ್ಣಗಾದ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ.

ನೀನು ಬರುವುದು ನನಗೆ ಬೇಕೋ ಎಂದು ಕೇಳಿದ್ದೀ. ಬಾ. ಕೋಪ ಇನ್ನೂ ಹೋಗಿಲ್ಲ, ಅದು ಇರುವಾಗಲೇ ಬಾ. ನೀನು ದೂರದಲ್ಲಿದ್ದರೆ ನಾನು ಒಳ್ಳೆಯ ನಿನ್ನನ್ನೋ ಕೆಟ್ಟ ನಿನ್ನನ್ನೋ ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತೇನೆ, ಎರಡೂ ನಿಜವಲ್ಲ.

ಮರುವಿಚಾರಣೆ ಸೆಪ್ಟೆಂಬರಿನಲ್ಲಿ ಇರಬಹುದು ಎನ್ನುತ್ತಾರೆ. ಅದೇ ಕಟಕಟೆ, ಅದೇ ಎಳೆಯ ವಕೀಲ. ನಾನೂ ಅಲ್ಲಿ ಕೂತಿರುತ್ತೇನೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು. ಅವನು ಈ ಸಲವೂ ಹೆದರಿಕೊಂಡು ಅರ್ಧಕ್ಕೇ ಕೂತುಬಿಡಬಹುದು. ಅವನು ಕೇಳದಿದ್ದರೂ ಹೇಳು.

ಲವೀನಿಯಾ